ಅಟ್ಟದಿಂದ ಇಳಿದ ಟೂ ಇನ್ ಒನ್: ಕೆಟ್ಟಿದ್ದು ಎಲ್ಲಿ, ಮನೆಯಲ್ಲೇ ಸರಿ ಮಾಡುವುದು ಹೇಗೆ

ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ನಮ್ಮ ಕಾಸರಗೋಡಿನ ಕಡೆ ಅಟ್ಟ ಖಾಲಿ ಮಾಡುವ ಕೆಲಸ ಶುರುವಾಗುತ್ತದೆ. ಹಳೇ ಮನೆ ಕೆಡವಿ ಹೊಸದು ಕಟ್ಟುವವರಂತೂ ಎಲ್ಲವನ್ನೂ ಇಳಿಸಲೇಬೇಕು. ಹಾಗೆ ಇಳಿಸುವಾಗ ಎರಡು ವಸ್ತು ಜೊತೆಯಾಗಿ ಸಿಗುತ್ತವೆ. ಒಂದು, ಹಿಡಿಕೆ ಇರುವ ದೊಡ್ಡ ಟೇಪ್ ರೆಕಾರ್ಡರ್. ಎರಡು ಬದಿಗೆ ಎರಡು ಸ್ಪೀಕರ್, ಹಿಂದೆ ಎಳೆದರೆ ಉದ್ದವಾಗುವ ಏರಿಯಲ್. ಇನ್ನೊಂದು, ರಟ್ಟಿನ ಪೆಟ್ಟಿಗೆ ತುಂಬಾ ಕ್ಯಾಸೆಟ್ಟು.

ಸೆಟ್ಟು ಹೆಚ್ಚಾಗಿ ಗಲ್ಫಿನಿಂದ ಬಂದದ್ದು. ರೇಡಿಯೋ ಮತ್ತು ಟೇಪು ಎರಡೂ ಒಂದರಲ್ಲೇ ಇರುವುದರಿಂದ ಅದಕ್ಕೆ ಟೂ ಇನ್ ಒನ್ ಎಂಬ ಹೆಸರು. ಕುಂಬಳೆ, ಉಪ್ಪಳ, ಬದಿಯಡ್ಕ, ಎಲ್ಲಿಯೇ ಆಗಲಿ, ಊರಿಗೆ ರಜೆಯಲ್ಲಿ ಬಂದವರು ಮನೆಗೆ ತಂದ ದೊಡ್ಡ ಉಡುಗೊರೆ ಅದು. ಕ್ಯಾಸೆಟ್ಟಿನಲ್ಲಿ ಇರುವುದು ಬರೀ ಸಿನಿಮಾ ಹಾಡು ಆದರೆ ಚಿಂತೆ ಇಲ್ಲ, ಫೋನಿನಲ್ಲೇ ಸಿಗುತ್ತದೆ. ಆದರೆ ದೇವಸ್ಥಾನದ ಅಂಗಳದಲ್ಲಿ ಸೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ರೆಕಾರ್ಡ್ ಮಾಡಿದ ತಾಳಮದ್ದಳೆ (ವೇಷವಿಲ್ಲದೆ, ಭಾಗವತರ ಹಾಡು ಮತ್ತು ಅರ್ಥಧಾರಿಗಳ ಮಾತಿನಲ್ಲೇ ಕತೆ ನಡೆಸುವ ಯಕ್ಷಗಾನ)? ಮಾವ ದುಬೈಯಲ್ಲಿ ಕೂತು ಕಾಗದ ಬರೆಯುವ ಬದಲು ಮಾತಾಡಿ ಕಳಿಸಿದ ಕ್ಯಾಸೆಟ್ಟು? ಅಜ್ಜಿ ಹೇಳಿದ ಶೋಭಾನೆ? ಅವಕ್ಕೆ ಜಗತ್ತಿನಲ್ಲಿ ಇನ್ನೊಂದು ಪ್ರತಿ ಇಲ್ಲ.

ಸರಿ ಮಾಡಿಸೋಣ ಎಂದರೆ ಪೇಟೆಯ ರೇಡಿಯೋ ರಿಪೇರಿ ಅಂಗಡಿಗಳು ಈಗ ಮೊಬೈಲ್ ಅಂಗಡಿಗಳಾಗಿವೆ. ಹೀಗಾಗಿ ಈಚೆಗೆ ನನ್ನನ್ನು ಹಲವರು ಕೇಳುವ ಪ್ರಶ್ನೆ ಒಂದೇ: "ಲೈಟು ಉರಿಯುತ್ತದೆ, ರೇಡಿಯೋ ಹಾಡುತ್ತದೆ, ಕ್ಯಾಸೆಟ್ ಮಾತ್ರ ತಿರುಗುವುದಿಲ್ಲ. ಬಿಸಾಡುವುದಾ?"

ಬಿಸಾಡಬೇಡಿ. ಹೀಗೆ ನಿಂತುಹೋದ ಸೆಟ್ಟುಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ. ಒಂದು ರಬ್ಬರ್ ಬಳೆ ಕರಗಿರುತ್ತದೆ, ಅಷ್ಟೇ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೆಟ್ಟು ಸರಿ ಇದೆಯಾ ಎಂದು ನೋಡಲು ಮಾವನ ಕ್ಯಾಸೆಟ್ಟನ್ನು ಹಾಕಬೇಡಿ. ಹೋದರೂ ಬೇಸರವಿಲ್ಲದ ಯಾವುದಾದರೂ ಹಾಡಿನ ಕ್ಯಾಸೆಟ್ ಪರೀಕ್ಷೆಗೆ ಇರಲಿ. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಒಂದು ಪೆಟ್ಟಿಗೆ, ಮೂರು ಯಂತ್ರ

ಹೊರಗಿನಿಂದ ಒಂದೇ ಸೆಟ್ಟು. ಒಳಗೆ ಮೂರು ಬೇರೆ ಬೇರೆ ಕೆಲಸದ ಭಾಗಗಳಿವೆ. ಗಾಳಿಯಲ್ಲಿ ಬರುವ ಅಲೆ ಹಿಡಿಯುವ ರೇಡಿಯೋ ಒಂದು. ರೀಲನ್ನು ಎಳೆದು ಓದುವ ಟೇಪಿನ ಯಂತ್ರ ಇನ್ನೊಂದು. ಇವೆರಡರಿಂದ ಬರುವ ಸಣ್ಣ ಸದ್ದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವ ಆಂಪ್ಲಿಫೈಯರ್ ಮೂರನೆಯದು. ಎಲ್ಲಕ್ಕೂ ಕರೆಂಟು ಒದಗಿಸಲು ಟ್ರಾನ್ಸ್‌ಫಾರ್ಮರ್ ಮತ್ತು ಸೆಲ್ಲಿನ ಗೂಡು.

ಇದು ಗೊತ್ತಿದ್ದರೆ ಸೆಟ್ಟು ಬಿಚ್ಚುವ ಮೊದಲೇ ಅರ್ಧ ರೋಗ ತಿಳಿಯುತ್ತದೆ. ರೇಡಿಯೋ ಎರಡೂ ಸ್ಪೀಕರಿನಲ್ಲಿ ಸರಿಯಾಗಿ ಕೇಳುತ್ತದೆಯಾ? ಹಾಗಾದರೆ ಆಂಪ್ಲಿಫೈಯರ್, ಸ್ಪೀಕರ್, ಕರೆಂಟಿನ ಭಾಗ ಮೂರೂ ಚೆನ್ನಾಗಿವೆ. ತೊಂದರೆ ಇರುವುದು ಟೇಪಿನ ಯಂತ್ರದಲ್ಲಿ. ರೇಡಿಯೋ ಮತ್ತು ಟೇಪು ಎರಡರಲ್ಲೂ ಒಂದೇ ಬದಿ ಸದ್ದಿಲ್ಲದಿದ್ದರೆ ತೊಂದರೆ ಎರಡಕ್ಕೂ ಸೇರಿದ ಆಂಪ್ಲಿಫೈಯರ್, ಸ್ಪೀಕರಿನ ಕಡೆ ಇದೆ. ಕರೆಂಟಿನಲ್ಲಿ ಗುಂಯ್ ಎನ್ನುವ ಸೆಟ್ಟು ಸೆಲ್ಲಿನಲ್ಲಿ ಶುದ್ಧವಾಗಿ ಕೇಳಿದರೆ ತಪ್ಪು ಕರೆಂಟಿನ ಭಾಗದ್ದು. ಒಂದು ಹಾಳೆಯಲ್ಲಿ ಇದನ್ನೆಲ್ಲ ಬರೆದಿಟ್ಟುಕೊಂಡು ಆಮೇಲೆ ಸ್ಕ್ರೂ ಡ್ರೈವರ್ ಹಿಡಿಯಿರಿ.

ರೀಲಿನಲ್ಲಿ ದನಿ ಹೇಗೆ ಕೂತಿದೆ

ಈಗಿನ ಮಕ್ಕಳಿಗೆ ಕ್ಯಾಸೆಟ್ ತೋರಿಸಿದರೆ ಮೊದಲು ಕೇಳುವುದೇ ಇದನ್ನು. ರೀಲು ಎಂದರೆ ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿ. ಅದರ ಒಂದು ಮುಖಕ್ಕೆ ಕಬ್ಬಿಣದ ತುಕ್ಕಿನ ಜಾತಿಯ ನುಣ್ಣನೆಯ ಪುಡಿಯನ್ನು ಅಂಟಿಸಿರುತ್ತಾರೆ. ಕಂದು ಬಣ್ಣ ಅದಕ್ಕೇ. ರೆಕಾರ್ಡ್ ಮಾಡುವಾಗ ಹೆಡ್ ಎಂಬ ಪುಟ್ಟ ವಿದ್ಯುತ್ ಅಯಸ್ಕಾಂತ, ನಮ್ಮ ದನಿ ಏರಿಳಿದ ಹಾಗೆ ಆ ಪುಡಿಯನ್ನು ಕಾಂತವಾಗಿಸುತ್ತಾ ಹೋಗುತ್ತದೆ. ಕೇಳುವಾಗ ಅದೇ ಗುರುತುಗಳು ಹೆಡ್ಡಿನ ಮುಂದೆ ಹಾದು ಅದರಲ್ಲಿ ಸಣ್ಣ ಕರೆಂಟು ಹುಟ್ಟಿಸುತ್ತವೆ. ಅದನ್ನು ದೊಡ್ಡದು ಮಾಡಿದರೆ ದನಿ.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಲೂ ಆಟೆನ್ಸ್ ಎಂಬ ಡಚ್ ಎಂಜಿನಿಯರ್. ರೀಲಿನ ಅಗಲ 3.81 ಮಿಲಿಮೀಟರ್. ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಸಿ-60 ಕ್ಯಾಸೆಟ್ಟಿನ ಒಂದು ಬದಿ ಅರ್ಧ ಗಂಟೆ. ಲೆಕ್ಕ ಹಾಕಿದರೆ ರೀಲಿನ ಉದ್ದ ಸುಮಾರು 86 ಮೀಟರ್. ಐದು ಎತ್ತರದ ಅಡಿಕೆ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು! ಸಿ-90ರಲ್ಲಿ ಇನ್ನೂ ಉದ್ದದ ರೀಲು ಅದೇ ಡಬ್ಬಿಯಲ್ಲಿ ಹಿಡಿಯಬೇಕು, ಹಾಗಾಗಿ ಪಟ್ಟಿ ಇನ್ನೂ ತೆಳು. ಅದು ಬೇಗ ಸಿಕ್ಕಾಗುವುದೂ ಇದರಿಂದಲೇ.

ಇಷ್ಟು ಸಣ್ಣ ಅಗಲದಲ್ಲಿ ನಾಲ್ಕು ಸಾಲುಗಳಿವೆ. ಎ ಬದಿಗೆ ಎಡ, ಬಲ ಎರಡು, ಬಿ ಬದಿಗೆ ಎರಡು. ಎಡಕ್ಕೂ ಬಲಕ್ಕೂ ಬೇರೆ ಬೇರೆ ಸದ್ದು ಇರುವುದನ್ನೇ ಸ್ಟೀರಿಯೋ ಎನ್ನುವುದು.

ರೀಲನ್ನು ಎಳೆಯುವುದು ಯಾರು

ರೀಲನ್ನು ಎಳೆಯುವುದು ಹಲ್ಲಿನ ಚಕ್ರಗಳು ಎಂದು ಹಲವರು ತಿಳಿದಿದ್ದಾರೆ. ಅಲ್ಲ. ದಾರದ ಉಂಡೆ ಸುತ್ತಿ ನೋಡಿ. ಉಂಡೆ ದೊಡ್ಡದಾದ ಹಾಗೆ ಒಂದು ಸುತ್ತಿಗೆ ಜಾಸ್ತಿ ದಾರ ಬೇಕಾಗುತ್ತದೆ, ಅಲ್ವಾ? ಹಲ್ಲಿನ ಚಕ್ರವೇ ಎಳೆಯುತ್ತಿದ್ದರೆ ಕ್ಯಾಸೆಟ್ ಮುಂದೆ ಹೋದ ಹಾಗೆ ವೇಗ ಏರುತ್ತಲೇ ಇರುತ್ತಿತ್ತು.

ನಿಜವಾಗಿ ಎಳೆಯುವುದು ಹೆಡ್ಡಿನ ಪಕ್ಕ ನಿಂತಿರುವ ಸೂಜಿಯಂಥ ಉಕ್ಕಿನ ಕಡ್ಡಿ. ಕ್ಯಾಪ್‌ಸ್ಟನ್ ಎಂದು ಅದರ ಹೆಸರು. ಅದರ ಎದುರಿಗೆ ಪಿಂಚ್ ರೋಲರ್ ಎಂಬ ಕಪ್ಪು ರಬ್ಬರಿನ ಗಾಲಿ. ಪ್ಲೇ ಒತ್ತಿದಾಗ ಗಾಲಿ ಬಂದು ಕಡ್ಡಿಗೆ ಒತ್ತಿಕೊಳ್ಳುತ್ತದೆ. ಕಬ್ಬಿನ ಹಾಲು ತೆಗೆಯುವ ಮೆಷಿನಿನಲ್ಲಿ ಎರಡು ಉರುಳೆಗಳ ನಡುವೆ ಕಬ್ಬು ಹೋಗುವ ಹಾಗೆ, ಇವೆರಡರ ನಡುವೆ ರೀಲು ಹೋಗುತ್ತದೆ. ಕಡ್ಡಿಯ ಕೆಳಗೆ ಭಾರದ ಚಕ್ರವೊಂದಿದೆ, ಫ್ಲೈವೀಲ್. ತಿರುಗಲು ಶುರುವಾದರೆ ಸುಲಭದಲ್ಲಿ ವೇಗ ಬದಲಿಸದು. ದನಿ ಅಲುಗಾಡದೆ ಬರುವುದು ಆ ಭಾರದಿಂದ.

ಹಲ್ಲಿನ ಚಕ್ರದ ಕೆಲಸ ಬೇರೆ. ಕಡ್ಡಿ ಎಳೆದು ಬಿಟ್ಟ ರೀಲನ್ನು ಸುತ್ತಿಕೊಳ್ಳುವುದು ಅಷ್ಟೇ. ಈಗ ಯೋಚಿಸಿ. ಕಡ್ಡಿ ತಿರುಗುತ್ತಿದೆ, ಆದರೆ ಸುತ್ತುವ ಚಕ್ರ ನಿಂತಿದೆ. ಹೊರಗೆ ಬಂದ ರೀಲು ಎಲ್ಲಿಗೆ ಹೋಗಬೇಕು? ಗಾಲಿಗೆ ಸುತ್ತಿಕೊಳ್ಳುತ್ತದೆ. "ಟೇಪು ಕ್ಯಾಸೆಟ್ಟನ್ನು ತಿಂದಿತು" ಎಂದು ನಾವು ಹೇಳುತ್ತಿದ್ದದ್ದು ಇದಕ್ಕೇ. ಪರೀಕ್ಷೆಗೆ ಬೆಲೆಯಿಲ್ಲದ ಕ್ಯಾಸೆಟ್ ಹಾಕಿ ಎಂದದ್ದೂ ಇದಕ್ಕೇ.

ಮೋಟರಿನಿಂದ ಫ್ಲೈವೀಲಿಗೆ, ಅಲ್ಲಿಂದ ಸುತ್ತುವ ಚಕ್ರಕ್ಕೆ ಶಕ್ತಿ ಹೋಗುವುದು ರಬ್ಬರ್ ಬೆಲ್ಟಿನ ಮೂಲಕ. ಹೊಲಿಗೆ ಮೆಷಿನಿನ ಬೆಲ್ಟು ಇದ್ದ ಹಾಗೆ. ಬೆಲ್ಟು ಸಡಿಲಾದರೆ ದನಿ ಎಳೆಯುತ್ತದೆ, ತುಂಡಾದರೆ ಎಲ್ಲ ನಿಂತೇ ಹೋಗುತ್ತದೆ. ಮೋಟರ್ ಮಾತ್ರ ಒಳಗೆ ಸಣ್ಣಗೆ ಗುಂಯ್‌ಗುಟ್ಟುತ್ತಿರುತ್ತದೆ. ಕ್ಯಾಸೆಟ್ ಹಾಕದೆ, ಬಾಗಿಲು ತೆರೆದು ಪ್ಲೇ ಒತ್ತಿ ಕಿವಿಗೊಡಿ. ಆ ಗುಂಯ್ ಕೇಳಿಸಿದರೆ, ಕಡ್ಡಿ ತಿರುಗದಿದ್ದರೆ, ರೋಗ ಬೆಲ್ಟಿನದ್ದು.

ಬಿಚ್ಚುವ ಮೊದಲು

ಕರೆಂಟಿನ ವಯರನ್ನು ಗೋಡೆಯಿಂದ ಕಿತ್ತು ದೂರ ಇಡಿ. ಸೆಟ್ಟಿನ ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಥ ಬಹಳಷ್ಟು ಸೆಟ್ಟುಗಳಲ್ಲಿ ಸ್ವಿಚ್ ಇರುವುದು ಟ್ರಾನ್ಸ್‌ಫಾರ್ಮರಿನ ಆಚೆ. ಆಫ್ ಆಗಿದ್ದಾಗಲೂ ಟ್ರಾನ್ಸ್‌ಫಾರ್ಮರಿಗೆ ಬರುವ ವಯರಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಬಿಚ್ಚಿದ ಸೆಟ್ಟನ್ನು ಪರೀಕ್ಷಿಸಲು ಯಾವಾಗಲೂ ಸೆಲ್ಲು ಬಳಸಿ. ಆರು ದೊಡ್ಡ ಸೆಲ್ಲು ಸೇರಿದರೆ ಬರೀ 9 ವೋಲ್ಟ್. ಕೈಗೆ ತಾಗಿದರೂ ಅಪಾಯವಿಲ್ಲ.

ಗಲ್ಫಿನ ಸೆಟ್ಟುಗಳಲ್ಲಿ ಇನ್ನೊಂದು ಸಂಗತಿ ಇದೆ. ಹಿಂಬದಿಯಲ್ಲೋ ಸೆಲ್ಲಿನ ಗೂಡಿನೊಳಗೋ ವೋಲ್ಟೇಜ್ ಬದಲಿಸುವ ಸಣ್ಣ ಗುಂಡಿ ಇರುತ್ತದೆ. 110, 127, 220, 240 ಎಂದು ಬರೆದಿರುತ್ತದೆ. ಸೌದಿಯಲ್ಲಿ ಹಿಂದೆ ಬಹಳ ಮನೆಗಳಿಗೆ ಬರುತ್ತಿದ್ದದ್ದು 127 ವೋಲ್ಟ್. ಅಲ್ಲಿ ಬಳಸಿದ ಸೆಟ್ಟನ್ನು ಹಾಗೆಯೇ ಇಲ್ಲಿನ ಪ್ಲಗ್ಗಿಗೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗುತ್ತದೆ. ಮೊದಲು ಗುಂಡಿಯನ್ನು 220 ಅಥವಾ 240ಕ್ಕೆ ತಿರುಗಿಸಿ. ವಯರಿನ ರಬ್ಬರ್ ಬಿರುಕು ಬಿಟ್ಟಿದ್ದರೆ, ಇಲಿ ಕಡಿದಿದ್ದರೆ, ಹೊಸ ವಯರ್ ಹಾಕದೆ ಗೋಡೆಯ ಹತ್ತಿರ ಹೋಗಲೇಬೇಡಿ.

ಬಿಚ್ಚುವಾಗ ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಉದ್ದದ ಸ್ಕ್ರೂ, ಗಿಡ್ಡ ಸ್ಕ್ರೂ ಬೇರೆ ಬೇರೆ ಇರುತ್ತವೆ. ಗಿಡ್ಡದ್ದು ಇರುವಲ್ಲಿ ಉದ್ದದ್ದು ಹಾಕಿದರೆ ಒಳಗಿನ ಏನನ್ನಾದರೂ ಚುಚ್ಚುತ್ತದೆ. ಒಂದೆರಡು ಸ್ಕ್ರೂ ಸೆಲ್ಲಿನ ಗೂಡಿನೊಳಗೆ, ಹಿಡಿಕೆಯ ಬುಡದಲ್ಲಿ ಅಡಗಿರುತ್ತವೆ. ಬಿಡಿಸಲು ಬರದಿದ್ದರೆ ಬಲ ಹಾಕಬೇಡಿ, ಇನ್ನೊಂದು ಸ್ಕ್ರೂ ಉಳಿದಿದೆ ಎಂದೇ ಅರ್ಥ. ಎರಡು ಹೋಳು ಬೇರೆಯಾಗುವಾಗ ಪೂರ್ತಿ ಎಳೆಯಬೇಡಿ. ನಡುವೆ ಸ್ಪೀಕರಿನ, ಏರಿಯಲ್ಲಿನ ವಯರುಗಳಿರುತ್ತವೆ. ಒಳಗೆ ಹಲ್ಲಿಯ ಮೊಟ್ಟೆ, ಇರುವೆ ಗೂಡು ಕಂಡರೆ ಗಾಬರಿ ಬೇಡ. ಮೆತ್ತನೆಯ ಬ್ರಷ್ಷಿನಲ್ಲಿ ಗುಡಿಸಿ ತೆಗೆಯಿರಿ.

ಕರಗಿದ ಬೆಲ್ಟು

ನಾನು ಮೊದಲ ಸಲ ನಮ್ಮ ಮನೆಯ ಸೆಟ್ಟು ಬಿಚ್ಚಿದಾಗ ಬೆಲ್ಟು ಇರಬೇಕಾದಲ್ಲಿ ಇದ್ದದ್ದು ಕಪ್ಪು ಅಂಟು. ಹಲಸಿನ ಮೇಣದ ಹಾಗೆ ಎಳೆದರೆ ನೂಲು ಬರುವ ಅಂಟು. ಬೆರಳಿಗೆ ಹತ್ತಿತು, ಪಂಚೆಗೆ ಹತ್ತಿತು, ಪಂಚೆಯದ್ದು ಹೋಗಲೇ ಇಲ್ಲ.

ರಬ್ಬರ್ ಹೀಗೆ ಯಾಕಾಗುತ್ತದೆ? ಆ ಕಾಲದ ಎಷ್ಟೋ ಬೆಲ್ಟುಗಳನ್ನು ಪಾಲಿಯುರೆಥೇನ್ ಎಂಬ ಕೃತಕ ರಬ್ಬರಿನಿಂದ ಮಾಡುತ್ತಿದ್ದರು. ಅದು ಉದ್ದುದ್ದ ಸರಪಣಿಗಳಂಥ ಕಣಗಳಿಂದ ಆದದ್ದು. ಗಾಳಿಯಲ್ಲಿರುವ ನೀರಿನ ಪಸೆ ವರ್ಷಗಟ್ಟಲೆ ತಾಗುತ್ತಾ ಇದ್ದರೆ ಆ ಸರಪಣಿಯ ಕೊಂಡಿಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಸರಪಣಿ ತುಂಡಾದರೆ ರಬ್ಬರಿಗೆ ಗಟ್ಟಿತನವಿಲ್ಲ, ಅಂಟಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಹಂಚಿನ ಮಾಡಿನ ಕೆಳಗೆ ಇಟ್ಟ ಸೆಟ್ಟಿಗೆ ಪಸೆಗೇನು ಬರ? ಬಳಸಿದರೂ ಕರಗುತ್ತದೆ, ಬಳಸದೆ ಇಟ್ಟರೂ ಕರಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಅಂಟು ತೆಗೆಯಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ, ನೀರು ಕಡಿಮೆ ಇರುವ 99 ಶೇಕಡಾದ್ದು ಒಳ್ಳೆಯದು. ಕೈಗೆ ಗವಸು, ಕೆಳಗೆ ಹಳೆ ಪೇಪರ್, ಕಿವಿಗೆ ಬಳಸುವ ಹತ್ತಿ ಕಡ್ಡಿ ಒಂದು ಕಟ್ಟು. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಬೇಡ, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಮೋಟರಿನ ರಾಟೆ, ಫ್ಲೈವೀಲಿನ ಅಂಚು, ಎಲ್ಲೆಲ್ಲಿ ಬೆಲ್ಟು ಓಡಿತ್ತೋ ಅಲ್ಲೆಲ್ಲ ಒಂದು ಚುಕ್ಕೆ ಕಪ್ಪೂ ಉಳಿಯದ ಹಾಗೆ ಒರೆಸಿ. ಇದೇ ಬೇಸರದ ಕೆಲಸ, ಇದೇ ಮುಖ್ಯ ಕೆಲಸ. ಅಂಟು ಉಳಿದರೆ ಹೊಸ ಬೆಲ್ಟು ಅಲ್ಲಿ ಹಿಡಿದು ಹಿಡಿದು ಬಿಡುತ್ತದೆ, ಹಾಡು ನಡುಗುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವ ಮಾತ್ರ ಬೇಡ, ಪ್ಲಾಸ್ಟಿಕ್ ಕರಗೀತು.

ಹೊಸ ಬೆಲ್ಟಿನ ಅಳತೆ ಹೀಗೆ. ಹಳೆಯದು ಕರಗಿ ಹೋಗಿರುವುದರಿಂದ ಅದನ್ನು ಅಳೆದು ಉಪಯೋಗವಿಲ್ಲ. ಹಿಗ್ಗಿದ್ದನ್ನು ಅಳೆದರೂ ತಪ್ಪೇ. ಒಂದು ನೂಲನ್ನು ಬೆಲ್ಟು ಓಡುವ ದಾರಿಯಲ್ಲೇ, ಎಲ್ಲ ರಾಟೆಗಳ ಸುತ್ತ ಹಾಯಿಸಿ. ನೂಲು ಕೂಡುವಲ್ಲಿ ಗುರುತು ಹಾಕಿ ಉದ್ದ ನೋಡಿ. ಬೆಲ್ಟು ಸ್ವಲ್ಪ ಬಿಗಿಯಾಗಿ ಕೂರಬೇಕಲ್ಲ, ಹಾಗಾಗಿ ಅದರಿಂದ ನೂರಕ್ಕೆ ಐದಾರು ಪಾಲು ಕಳೆಯಿರಿ. ನೂಲು 250 ಮಿಲಿಮೀಟರ್ ಬಂದರೆ ಬೆಲ್ಟು ಸುಮಾರು 235. ಬೆಲ್ಟು ಮಾರುವವರು ಅಡ್ಡಳತೆ ಕೇಳಿದರೆ ಇದನ್ನು 3.14ರಿಂದ ಭಾಗಿಸಿ, 75 ಮಿಲಿಮೀಟರ್. ಚಪ್ಪಟೆ ಬೆಲ್ಟೋ ಚೌಕದ ಬೆಲ್ಟೋ ಎಂಬುದು ರಾಟೆಯ ಗೆರೆ ನೋಡಿದರೆ ಗೊತ್ತಾಗುತ್ತದೆ. ಬೇರೆ ಬೇರೆ ಅಳತೆಯ ಬೆಲ್ಟುಗಳ ಕಟ್ಟು ಇಂಟರ್ನೆಟ್ಟಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಮೊದಲ ಸಲ ಮಾಡುವವರಿಗೆ ಅದೇ ಅನುಕೂಲ.

ಸುಮ್ನೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಆಗದಾ? ತಿರುಗುತ್ತದೆ, ಕೇಳಲು ಆಗುವುದಿಲ್ಲ. ಅದರ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಜಾಸ್ತಿ ಹಿಗ್ಗುತ್ತದೆ ಕೂಡ. ಭಾಗವತರ ಒಂದು ಆಲಾಪ ಕೇಳಿದರೆ ಸಾಕು, ಗೊತ್ತಾಗುತ್ತದೆ. ಮೋಟರ್ ತಿರುಗುತ್ತದೆಯಾ ಎಂದು ನೋಡಲು ಮಾತ್ರ ಅದು ಸಾಕು.

ಬೆಲ್ಟು ಕೂರಿಸಿದ ಮೇಲೆ ಪ್ಲೇ ಒತ್ತಿ, ಸುತ್ತುವ ಹಲ್ಲಿನ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ಹಿಡಿಯಿರಿ. ಅದು ನಿಲ್ಲಬೇಕು, ಬಿಟ್ಟ ಕೂಡಲೇ ಮತ್ತೆ ತಿರುಗಬೇಕು. ತಾನಾಗಿಯೇ ನಿಂತು ನಿಂತು ತಿರುಗಿದರೆ ಇನ್ನೂ ಕ್ಯಾಸೆಟ್ ಹಾಕುವ ಹೊತ್ತು ಬಂದಿಲ್ಲ.

ಎಣ್ಣೆಯ ವಿಚಾರ. ತೆಂಗಿನೆಣ್ಣೆ ಹಾಕಬೇಡಿ. ನಮ್ಮಲ್ಲಿ ಬಾಗಿಲಿನಿಂದ ಹಿಡಿದು ಎಲ್ಲದಕ್ಕೂ ಅದೇ ಮದ್ದು, ಗೊತ್ತು. ಆದರೆ ಕೆಲವು ತಿಂಗಳಲ್ಲಿ ಅದು ಧೂಳು ಸೇರಿ ಗಟ್ಟಿಯಾಗುತ್ತದೆ. ಕ್ಯಾಪ್‌ಸ್ಟನ್ ಕಡ್ಡಿಯ ಬುಡಕ್ಕೆ ಹೊಲಿಗೆ ಮೆಷಿನಿನ ಎಣ್ಣೆ ಒಂದೇ ಹನಿ ಸಾಕು. ಬೆಲ್ಟಿಗೆ, ರಬ್ಬರ್ ಗಾಲಿಗೆ, ರೀಲು ತಾಗುವ ಕಡ್ಡಿಗೆ ಎಣ್ಣೆಯ ಪಸೆಯೂ ತಾಗಬಾರದು.

ಹೆಡ್ಡಿನ ಕೊಳೆ, ಹೆಡ್ಡಿನ ಓರೆ

ಕ್ಯಾಸೆಟ್ ತಿರುಗುತ್ತದೆ, ಆದರೆ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ತಾಳದ ಸದ್ದೇ ಇಲ್ಲ, ಮದ್ದಳೆಯ ದುಂ ಮಾತ್ರ ಇದೆ. ಇದಕ್ಕೆ ಎರಡು ಕಾರಣ.

ಒಂದು ಕೊಳೆ. ರೀಲಿನ ಪುಡಿ ಉದುರಿ ಹೆಡ್ಡಿನ ಮೇಲೆ ಕಂದು ಪದರವಾಗಿ ಕೂರುತ್ತದೆ. ರೀಲು ಹೆಡ್ಡಿಗೆ ಅಂಟಿಕೊಂಡೇ ಹೋಗಬೇಕು. ನಡುವೆ ಕೂದಲೆಳೆಗಿಂತ ತೆಳ್ಳಗಿನ ಕೊಳೆ ಇದ್ದರೂ ಕೀಚು ದನಿಗಳು ಮಾಯ. ಅದೇ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಹೆಡ್ಡನ್ನೂ ಕ್ಯಾಪ್‌ಸ್ಟನ್ ಕಡ್ಡಿಯನ್ನೂ ಹತ್ತಿ ಬೆಳ್ಳಗೆ ಬರುವ ತನಕ ಒರೆಸಿ. ರಬ್ಬರ್ ಗಾಲಿಗೆ ಸೋಪಿನ ನೀರು ಹಚ್ಚಿದ ಒದ್ದೆ ಬಟ್ಟೆ ಸಾಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಜಿಡ್ಡು ಇರುತ್ತದೆ. ನಿಜ ಹೇಳಬೇಕೆಂದರೆ ಎಷ್ಟೋ ಸೆಟ್ಟುಗಳಿಗೆ ಇದೊಂದೇ ರಿಪೇರಿ ಸಾಕಾಗುತ್ತದೆ.

ಇನ್ನೊಂದು ಕಾರಣ ಓರೆ. ಹೆಡ್ಡಿನ ನಡುವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ನೆಟ್ಟಗಿನ ಸೀಳು ಇದೆ. ರೀಲಿನ ಗುರುತುಗಳನ್ನು ಓದುವುದು ಆ ಸೀಳು. ಹತ್ತು ಸಾವಿರ ಹರ್ಟ್ಸ್‌ನ ಕೀಚು ದನಿ ತೆಗೆದುಕೊಳ್ಳಿ. ಸೆಕೆಂಡಿಗೆ ಹತ್ತು ಸಾವಿರ ಅಲೆ, ಅಷ್ಟೂ 4.76 ಸೆಂಟಿಮೀಟರಿನಲ್ಲಿ ಕೂರಬೇಕು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ, ಒಂದು ಅಲೆಗೆ ಸಿಗುವ ಜಾಗ ಅದರಲ್ಲಿ ಐದು ಪಾಲಿಗಿಂತಲೂ ಕಡಿಮೆ. ನೂರು ಹರ್ಟ್ಸ್‌ನ ಮದ್ದಳೆಯ ದನಿಗೆ ಇದರ ನೂರು ಪಟ್ಟು ಜಾಗ ಸಿಗುತ್ತದೆ.

ಬಾಗಿಲ ಸಂದಿನಿಂದ ಅಡಿಕೆ ತೋಟ ನೋಡುವುದನ್ನು ಊಹಿಸಿ. ಮರಗಳು ನೆಟ್ಟಗೆ ನಿಂತಿವೆ, ಸಂದೂ ನೆಟ್ಟಗಿದೆ. ಒಂದೊಂದೇ ಮರ ಸ್ಪಷ್ಟವಾಗಿ ಕಾಣುತ್ತದೆ. ಬಾಗಿಲು ಜೋತು ಬಿದ್ದು ಸಂದು ಓರೆಯಾದರೆ? ಒಂದೇ ಸಲಕ್ಕೆ ಎರಡು ಮೂರು ಮರಗಳ ತುಂಡು ಕಂಡು ಎಲ್ಲ ಕಲಸಿಹೋಗುತ್ತದೆ. ಮರಗಳು ದೂರ ದೂರ ಇದ್ದರೆ ಓರೆ ಸಂದಿನಲ್ಲೂ ಬೇರೆ ಬೇರೆಯಾಗಿಯೇ ಕಾಣುತ್ತವೆ. ಹೆಡ್ಡು ಓರೆಯಾದಾಗ ತಾಳ ಮಾಯವಾಗಿ ಮದ್ದಳೆ ಉಳಿಯುವುದು ಹೀಗೆ. ಈ ಓರೆಯ ಕೋನಕ್ಕೆ ಅಜಿಮತ್ ಎನ್ನುತ್ತಾರೆ.

ಹೆಡ್ಡಿನ ಒಂದು ಪಕ್ಕದ ಸ್ಕ್ರೂ ಕೆಳಗೆ ಸಣ್ಣ ಸ್ಪ್ರಿಂಗ್ ಇರುತ್ತದೆ. ಓರೆ ಸರಿಮಾಡುವುದು ಆ ಸ್ಕ್ರೂವಿನಿಂದ. ಹಲವು ಸೆಟ್ಟುಗಳಲ್ಲಿ ಪ್ಲೇ ಒತ್ತಿದಾಗ ಅದಕ್ಕೆ ಎದುರಾಗಿ ಬಾಗಿಲಿನಲ್ಲಿ ಒಂದು ಸಣ್ಣ ತೂತು ಕೂಡ ಇರುತ್ತದೆ. ಮೊದಲು ಸ್ಕ್ರೂ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಕ್ಯಾಸೆಟ್ ಹಾಡುತ್ತಿರುವಾಗ ಕೂದಲೆಳೆಯಷ್ಟೇ ಆಚೆ ಈಚೆ ತಿರುಗಿಸಿ, ಕೀಚು ದನಿ ಅತಿ ಸ್ಪಷ್ಟವಾಗುವಲ್ಲಿ ನಿಲ್ಲಿಸಿ. ಕಾಲು ಸುತ್ತಿಗಿಂತ ಜಾಸ್ತಿ ಬೇಕಾಗುವುದು ಅಪರೂಪ.

ಒಂದು ಎಚ್ಚರಿಕೆ ಇದೆ. ಮನೆಯ ತಾಳಮದ್ದಳೆಯನ್ನು ರೆಕಾರ್ಡ್ ಮಾಡಿದ್ದು ಇದೇ ಸೆಟ್ಟಾದರೆ, ಆಗ ಹೆಡ್ಡು ಎಷ್ಟು ಓರೆ ಇತ್ತೋ ಅಷ್ಟೇ ಓರೆಯಲ್ಲಿ ಗುರುತುಗಳೂ ಬಿದ್ದಿವೆ. ಅಂಗಡಿ ಕ್ಯಾಸೆಟ್ಟಿಗೆ ಸರಿ ಮಾಡಿದ ಹೆಡ್ಡಿನಲ್ಲಿ ಮನೆಯ ಕ್ಯಾಸೆಟ್ ಮಬ್ಬಾಗಿ ಕೇಳಬಹುದು. ಅಂಥದ್ದಕ್ಕೆ ಆಯಾ ಕ್ಯಾಸೆಟ್ಟಿಗೇ ಹೆಡ್ಡನ್ನು ಹೊಂದಿಸಿಕೊಳ್ಳಬೇಕು. ಹಳೆ ಸೆಟ್ಟನ್ನು ಬಿಸಾಡಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಆ ಕ್ಯಾಸೆಟ್ಟುಗಳನ್ನು ಓದಲು ಅದಕ್ಕಿಂತ ಹತ್ತಿರದ ಸೆಟ್ಟು ಬೇರೆ ಇಲ್ಲ.

ವೇಗ ಸರಿ ಇದೆಯಾ

ಒಂದು ಹಾಡು ಕ್ಯಾಸೆಟ್ಟಿನಲ್ಲೂ ಫೋನಿನಲ್ಲೂ ಇರುವಂಥದ್ದು ಹುಡುಕಿ. ಫೋನಿನಲ್ಲಿ ಮೂರು ನಿಮಿಷ, ಅಂದರೆ 180 ಸೆಕೆಂಡು ಇರುವ ಹಾಡು ಸೆಟ್ಟಿನಲ್ಲಿ 171 ಸೆಕೆಂಡಿಗೇ ಮುಗಿದರೆ ಸೆಟ್ಟು ನೂರಕ್ಕೆ ಐದರಷ್ಟು ಜೋರಾಗಿ ಓಡುತ್ತಿದೆ. ಹೆಚ್ಚಿನ ಮೋಟರುಗಳ ಹಿಂದೆ ಸಣ್ಣ ತೂತಿದೆ. ಅದರೊಳಗೆ ತೆಳ್ಳಗಿನ ಸ್ಕ್ರೂ ಡ್ರೈವರ್ ಹಾಕಿ ತುಸು ತಿರುಗಿಸಿದರೆ ವೇಗ ಬದಲಾಗುತ್ತದೆ. ದನಿ ಎಳೆಯುವ ಸೆಟ್ಟಿನಲ್ಲಿ ಮೊದಲು ಬೆಲ್ಟು, ಸೆಲ್ಲು ನೋಡಿ. ಮೋಟರಿಗೆ ಕೈ ಹಾಕುವುದು ಕೊನೆಗೆ.

ರಾತ್ರಿ ಇಡೀ ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳಲ್ಲಿ ಒಂದು ವಿಚಿತ್ರ ಕಾಣಬಹುದು. ಮೊದಲ ಕ್ಯಾಸೆಟ್ ಚೆನ್ನಾಗಿದೆ, ಬೆಳಗಿನ ಜಾವದ್ದರಲ್ಲಿ ಅರ್ಥಧಾರಿಗಳ ದನಿ ಕೀರಲಾಗುತ್ತಾ ಹೋಗುತ್ತದೆ. ಸೆಟ್ಟು ಕೆಟ್ಟಿಲ್ಲ. ಆ ರಾತ್ರಿ ಸೆಲ್ಲು ಇಳಿದು ರೀಲು ನಿಧಾನವಾಗಿ ಓಡಿದೆ. ನಿಧಾನವಾಗಿ ಬರೆದದ್ದನ್ನು ಸರಿಯಾದ ವೇಗದಲ್ಲಿ ಓದಿದರೆ ಮಾತು ವೇಗವಾಗಿ, ದನಿ ಕೀರಲಾಗಿ ಕೇಳುತ್ತದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಗಂಭೀರ ಮಾತು ಹೀಗೆ ಕೇಳಿದರೆ ಸೆಟ್ಟಿನ ಮೇಲೆ ಸಿಟ್ಟು ಮಾಡಬೇಡಿ. ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಅಲ್ಲಿ ವೇಗ ತಗ್ಗಿಸಬಹುದು.

ಕರಕರ, ಒಂದೇ ಬದಿ ಸದ್ದು, ಗುಂಯ್

ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ಅದರೊಳಗೆ ಧೂಳು, ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಎಂಬ ಸ್ಪ್ರೇ ಒಂದು ಚೂರು ಒಳಗೆ ಬಿಟ್ಟು, ಸೆಟ್ಟು ಆಫ್ ಇರುವಾಗಲೇ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇರೆ, ಇದು ಬೇರೆ. ಅಂಗಡಿಯಲ್ಲಿ ಕೇಳಿ ತನ್ನಿ.

ಟೇಪಿನಲ್ಲಿ ಮಾತ್ರ ಒಂದು ಬದಿ ಸದ್ದಿಲ್ಲ, ಇಲ್ಲವೇ ಕೀ ಎಂದು ಕಿರುಚುತ್ತದೆ ಎಂದಾದರೆ ಒಳಗಿನ ಬೋರ್ಡಿನಲ್ಲಿರುವ ಉದ್ದದ ಜಾರು ಸ್ವಿಚ್ ನೋಡಿ. ರೆಕಾರ್ಡ್ ಒತ್ತಿದಾಗ ಇದು ಜಾರಿ ಹೆಡ್ಡಿನ ಕೆಲಸವನ್ನು ಓದುವುದರಿಂದ ಬರೆಯುವುದಕ್ಕೆ ಬದಲಿಸುತ್ತದೆ. ಅದರಲ್ಲಿ ಹತ್ತಾರು ಸಣ್ಣ ಸಂಪರ್ಕಗಳಿವೆ. ಅದಕ್ಕೂ ಅದೇ ಸ್ಪ್ರೇ, ಅದೇ ಮೂವತ್ತು ಸಲ ಆಚೆ ಈಚೆ. ರೇಡಿಯೋ, ಟೇಪು ಎರಡರಲ್ಲೂ ಒಂದು ಬದಿ ಸತ್ತಿದ್ದರೆ ಹೆಡ್‌ಫೋನಿನ ತೂತನ್ನು ಅನುಮಾನಿಸಿ. ಹೆಡ್‌ಫೋನ್ ಹಾಕಿದಾಗ ಸ್ಪೀಕರ್ ನಿಲ್ಲಿಸುವ ಪತ್ತಿಯೊಂದು ಅದರಲ್ಲಿದೆ, ಕಿಲುಬು ಹಿಡಿದರೆ ಸ್ಪೀಕರ್ ನಿಂತೇ ಇರುತ್ತದೆ. ಪ್ಲಗ್ಗನ್ನು ಹತ್ತಿಪ್ಪತ್ತು ಸಲ ಹಾಕಿ ತೆಗೆಯಿರಿ.

ಕರೆಂಟಿನಲ್ಲಿ ಮಾತ್ರ ಬರುವ ಗುಂಯ್‌ಗೆ ಕಾರಣ ಕೆಪಾಸಿಟರ್. ಮನೆಯ ಕರೆಂಟು ಏರಿಳಿಯುವಂಥದ್ದು, ಸೆಟ್ಟಿಗೆ ಬೇಕಾದದ್ದು ಒಂದೇ ಸಮನಾದದ್ದು. ಪಂಪು ಬಿಟ್ಟು ಬಿಟ್ಟು ಬಂದರೂ ಟ್ಯಾಂಕಿಯಿಂದ ನೀರು ಸಮವಾಗಿ ಬರುವ ಹಾಗೆ ಈ ಕೆಪಾಸಿಟರ್ ಕರೆಂಟನ್ನು ತುಂಬಿಕೊಂಡು ಬಿಡುತ್ತದೆ. ವರ್ಷಗಳಾದಾಗ ಒಳಗಿನ ದ್ರವ ಒಣಗಿ ಟ್ಯಾಂಕಿ ಕಿರಿದಾಗುತ್ತದೆ. ಅದನ್ನು ಬದಲಿಸಲು ಸೋಲ್ಡರ್ ಮಾಡಲು ಬರಬೇಕು. ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟ್, ಪ್ಲಸ್ ಮೈನಸ್ ಅದಲುಬದಲಾಗದ ಹಾಗೆ. ಅಭ್ಯಾಸ ಇಲ್ಲದವರು ಇದೊಂದನ್ನು ಗೊತ್ತಿರುವವರ ಕೈಯಲ್ಲಿ ಮಾಡಿಸಿ.

ಸೆಲ್ಲು ಸೋರಿ ಗೂಡಿನ ಪತ್ತಿಗಳು ಹಸಿರು, ಬಿಳಿಯಾಗಿದ್ದರೆ ಕೆರೆದು, ಒರೆಸಿ ಹೊಳಪು ಬರಿಸಿ. ಆಲ್ಕಲೈನ್ ಸೆಲ್ಲಿನ ಬಿಳಿ ಪುಡಿಗೆ ಲಿಂಬೆರಸ ಹಚ್ಚಿದ ಹತ್ತಿ, ಹಳೆ ಮಾದರಿ ಸೆಲ್ಲಿನದಕ್ಕೆ ಅಡುಗೆ ಸೋಡದ ನೀರು. ಆಮೇಲೆ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಿ.

ರೇಡಿಯೋ

ರೇಡಿಯೋ ಭಾಗ ಹಾಳಾಗುವುದು ಕಡಿಮೆ. ಮಂಗಳೂರು ಆಕಾಶವಾಣಿಯ 100.3 ಎಫ್‌ಎಂ ಕೇಳಿಸದಿದ್ದರೆ ಡಯಲ್ ನೋಡಿ. ನಮ್ಮಲ್ಲಿ ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್. ಜಪಾನಿನ ಒಳಗೇ ಮಾರಲು ಮಾಡಿದ ಹಳೆ ಸೆಟ್ಟುಗಳಲ್ಲಿ ಅದು 76ರಿಂದ 90 ಮಾತ್ರ. ಅಂಥದ್ದರಲ್ಲಿ ಮಂಗಳೂರು ಸಿಗದಿರುವುದು ರೋಗವಲ್ಲ. ಗುಂಡಿ ತಿರುಗಿ ಮುಳ್ಳು ಅಲುಗದಿದ್ದರೆ ಡಯಲಿನ ದಾರ ತುಂಡಾಗಿದೆ. ಅದನ್ನು ಸುತ್ತುವ ದಾರಿ ಪ್ರತಿ ಸೆಟ್ಟಿಗೂ ಬೇರೆ. ತಾಳ್ಮೆ ಬೇಕು, ಗಟ್ಟಿಯಾದ ಹಿಗ್ಗದ ದಾರ ಬೇಕು.

ಮಾವನ ಕ್ಯಾಸೆಟ್ ಹಾಕುವ ಮೊದಲು

ಸೆಟ್ಟು ಸರಿಯಾಯಿತು, ಹಾಡಿನ ಕ್ಯಾಸೆಟ್ ಎರಡೂ ಬದಿ ಓಡಿತು. ಈಗ ಬೆಲೆಯುಳ್ಳದ್ದನ್ನು ಕೈಗೆತ್ತಿಕೊಳ್ಳಬಹುದು.

ಮೊದಲು ಕ್ಯಾಸೆಟ್ಟಿನ ಬೆನ್ನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಎಸಳುಗಳನ್ನು ಮುರಿಯಿರಿ. ಅವು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಕೆಳಗೆ ಹೋಗುವುದಿಲ್ಲ, ಕೈತಪ್ಪಿ ಅಳಿಸಿಹೋಗುವ ಭಯವಿಲ್ಲ. ಆಮೇಲೆ ಕಿಟಕಿಯಿಂದ ರೀಲಿನ ಸುತ್ತುಗಳನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ನೂಲು, ಚುಕ್ಕೆ ಕಂಡರೆ ಅದು ಬೂಷ್ಟು. ಹಾಗೆಯೇ ಹಾಕಿದರೆ ಸುತ್ತುಗಳು ಅಂಟಿ ರೀಲು ತುಂಡಾಗಬಹುದು, ಬೂಷ್ಟು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥದ್ದನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದೆರಡು ವಾರ ಇಡಿ. ಬಿಸಿಲಿಗೆ ಇಡಬೇಡಿ, ಒಲೆಯ ಮೇಲಿನ ಅಟ್ಟದಲ್ಲೂ ಬೇಡ, ಬಿಸಿಗೆ ರೀಲು ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಪೆನ್ಸಿಲ್ ತೂರಿಸಿ ಕೈಯಿಂದಲೇ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಸುತ್ತಿ, ಹೊರಗೆ ಕಾಣುವ ರೀಲಿಗೆ ಒಣ ಮೆತ್ತನೆ ಬಟ್ಟೆ ತಾಗಿಸಿ ಒರೆಸುತ್ತಾ ಹೋಗಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ರೀಲು ಓಡುವಲ್ಲಿ ಹೆಡ್ಡಿಗೆ ಒತ್ತುವ ಸಣ್ಣ ಮೆತ್ತೆ ಉದುರಿಹೋಗಿದ್ದರೆ ಹೆದರಬೇಡಿ. ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಬಿಚ್ಚಿ, ಅದರ ಡಬ್ಬಿಯೊಳಗೆ ಮಾವನ ರೀಲನ್ನು ಎರಡು ಸುರುಳಿ ಸಮೇತ ಕೂರಿಸಿದರಾಯಿತು.

ಇಷ್ಟಾದ ಮೇಲೆ ಮೊದಲ ಸಲ ಪ್ಲೇ ಒತ್ತುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಸೆಟ್ಟಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್ ತೂತಿಗೆ ಒಂದು ವಯರ್, ವಾಲ್ಯೂಮ್ ಕಾಲು ಭಾಗದಿಂದ ಶುರು. ಸೆಟ್ಟು ಸೆಲ್ಲಿನಲ್ಲಿದ್ದರೆ ಗುಂಯ್ ಇರುವುದಿಲ್ಲ. ಒಂದು ಬದಿ ಪೂರ್ತಿ ಓಡುವ ತನಕ ನಿಲ್ಲಿಸಬೇಡಿ, ಹಿಂದೆ ಮುಂದೆ ಓಡಿಸಬೇಡಿ. ಎಲ್ಲಿಯಾದರೂ ದನಿ ಮಂಕಾದರೆ ಆ ಬದಿ ಮುಗಿದ ಮೇಲೆ ಹೆಡ್ಡನ್ನು ಒರೆಸಿ ಇನ್ನೊಮ್ಮೆ.

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಹನ್ನೊಂದು ಕ್ಯಾಸೆಟ್ ಇದ್ದವು. ಒಂಬತ್ತು ಉಳಿದವು. ಒಂದರಲ್ಲಿ ತಾಳಮದ್ದಳೆಯ ನಡುವೆ ಅಜ್ಜ ಹತ್ತಿರದವರಿಗೆ ಮೆಲ್ಲಗೆ "ಸೆಲ್ಲು ಇನ್ನೆಷ್ಟು ಹೊತ್ತು ಬಂದೀತು" ಎಂದು ಕೇಳುವುದು ಕೇಳಿಸುತ್ತದೆ. ಮುಂದಿನ ಬದಿಯಲ್ಲಿ ಭಾಗವತರ ದನಿ ಸ್ವಲ್ಪ ಸ್ವಲ್ಪವಾಗಿ ಏರುತ್ತಾ ಹೋಗುತ್ತದೆ.